ಮೊದಲು ಗೇಟು ತೆರೆಯಲಿ, ಆಮೇಲೆ ವಾದವಾಗಲಿ: ಖಾಸಗಿ ಪಾರ್ಕಿಂಗ್ ವಸೂಲಿಯ ಬಗ್ಗೆ ವಾಹನ ಸವಾರರ ಹಕ್ಕೊತ್ತಾಯ ಪತ್ರ

ಇವರಿಗೆ,
ಮಾನ್ಯ ಮುಖ್ಯಮಂತ್ರಿಗಳು, ಕರ್ನಾಟಕ ಸರ್ಕಾರ
ಮಾನ್ಯ ನಗರಾಭಿವೃದ್ಧಿ ಸಚಿವರು ಹಾಗೂ ಪೌರಾಡಳಿತ ಸಚಿವರು
ಮಾನ್ಯ ಆಹಾರ, ನಾಗರಿಕ ಸರಬರಾಜು ಮತ್ತು ಗ್ರಾಹಕ ವ್ಯವಹಾರಗಳ ಸಚಿವರು
ರಾಜ್ಯದ ಎಲ್ಲ ಮಹಾನಗರ ಪಾಲಿಕೆ, ನಗರಸಭೆ, ಪುರಸಭೆಗಳ ಆಯುಕ್ತರು ಮತ್ತು ಮುಖ್ಯಾಧಿಕಾರಿಗಳು

ಇವರಿಂದ,
ದ್ವಿಚಕ್ರ ವಾಹನ, ಆಟೊ ಮತ್ತು ಕಾರು ಓಡಿಸುವ ರಾಜ್ಯದ ನಾಗರಿಕರು

ವಿಷಯ: ಮಾಲ್, ಆಸ್ಪತ್ರೆ, ಚಿತ್ರಮಂದಿರ, ನಿಲ್ದಾಣ, ದೇವಸ್ಥಾನ, ಪ್ರವಾಸಿ ತಾಣಗಳಲ್ಲಿ ಖಾಸಗಿಯವರು ವಸೂಲು ಮಾಡುವ ಪಾರ್ಕಿಂಗ್ ಶುಲ್ಕ ಮತ್ತು ದಂಡಕ್ಕೆ ಕಾನೂನಿನ ಚೌಕಟ್ಟು ಹಾಕಿ, ಅದರ ವಿರುದ್ಧ ತಕರಾರು ಹೇಳುವ ಹಕ್ಕನ್ನು ಖಾತರಿಪಡಿಸುವ ಬಗ್ಗೆ.

ಮಾನ್ಯರೇ,

ಪಾರ್ಕಿಂಗ್ ಶುಲ್ಕದ ಅನ್ಯಾಯ ನಡೆಯುವುದು ಹೊರಹೋಗುವ ಗೇಟಿನಲ್ಲಿ. ಮುಂದೆ ಅಡ್ಡಪಟ್ಟಿ ಇಳಿದಿರುತ್ತದೆ. ಹಿಂದೆ ಸಾಲುಗಟ್ಟಿದ ವಾಹನಗಳು ಹಾರ್ನ್ ಹೊಡೆಯುತ್ತಿರುತ್ತವೆ. ಪಕ್ಕದಲ್ಲಿ ಆಗಷ್ಟೇ ಡಿಸ್ಚಾರ್ಜ್ ಆದ ರೋಗಿಯೋ ನಿದ್ದೆಗೆ ಜಾರಿದ ಮಗುವೋ ಇರುತ್ತದೆ. ಕಿಟಕಿಯಿಂದ ಕೇಳಿಬಂದ ಮೊತ್ತ ಸರಿಯೇ ಎಂದು ವಿಚಾರಿಸುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಇಪ್ಪತ್ತೋ ನೂರೋ ಐನೂರೋ ಕೊಟ್ಟು ಹೊರಬೀಳುತ್ತೇವೆ. ಹೀಗೆ ಬಿಡಿಸಿಕೊಂಡು ಬರಲು ಕೊಟ್ಟ ಹಣವನ್ನು ಆಚೆಯವರು ನಮ್ಮ ಒಪ್ಪಿಗೆ ಎಂದು ಎಣಿಸುತ್ತಾರೆ. ಅದು ಒಪ್ಪಿಗೆಯಲ್ಲ ಎಂದು ದಾಖಲೆಯಲ್ಲಿ ಹೇಳಲು ಈ ಪತ್ರ ಬರೆಯುತ್ತಿದ್ದೇವೆ.

ಎಲ್ಲ ಕಡೆಯೂ ಪಾರ್ಕಿಂಗ್ ಪುಕ್ಕಟೆಯಾಗಬೇಕು ಎಂಬುದು ನಮ್ಮ ಬೇಡಿಕೆಯಲ್ಲ. ನಗರದ ನೆಲಕ್ಕೆ ಬೆಲೆಯಿದೆ, ಕಾವಲಿಗೆ, ದೀಪಕ್ಕೆ, ಸಿಬ್ಬಂದಿಗೆ ಖರ್ಚಿದೆ. ಕಾರುಗಳು ರಸ್ತೆಯನ್ನೆಲ್ಲ ನುಂಗದಿರಲು ಪಾರ್ಕಿಂಗ್‌ಗೆ ದರ ಇರಬೇಕೆನ್ನುವ ವಾದದಲ್ಲೂ ಹುರುಳಿದೆ. ನ್ಯಾಯವಾದ ಶುಲ್ಕವನ್ನು ಕೊಡುತ್ತೇವೆ. ಆದರೆ ಹಣ ಕೇಳುವವರು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಕೇಳುವ ಹಕ್ಕು ನಿಮಗೆ ಎಲ್ಲಿಂದ ಬಂತು? ಹಣ ಪಡೆದ ಮೇಲೆ ವಾಹನದ ಹೊಣೆ ಯಾರದು? ಲೆಕ್ಕ ತಪ್ಪಿದ್ದರೆ ಯಾರ ಮುಂದೆ ಹೇಳಬೇಕು? ಈ ಮೂರಕ್ಕೂ ಉತ್ತರವಿಲ್ಲದೆ ಕೇಳುವ ಹಣವನ್ನು ನಾವು ಶುಲ್ಕ ಎಂದು ಒಪ್ಪುವುದಿಲ್ಲ.

ಚೀಟಿ ಹರಿಯುವ ಹುಡುಗರ ಮೇಲೆ ನಮಗೆ ಸಿಟ್ಟಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಬಿಸಿಲು, ಹೊಗೆ, ಬೈಗುಳ ತಿನ್ನುವವರು ಅವರು. ದರ ನಿಗದಿ ಮಾಡುವವರೂ ಲಾಭ ಎಣಿಸುವವರೂ ಗೇಟಿನ ಬಳಿ ಸುಳಿಯುವುದಿಲ್ಲ. ನಮ್ಮ ಹಕ್ಕೊತ್ತಾಯ ಅವರ ಮೇಲೆ, ಅವರಿಗೆ ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆಗಳ ಮೇಲೆ, ಕಣ್ಣುಮುಚ್ಚಿ ಕುಳಿತ ಇಲಾಖೆಗಳ ಮೇಲೆ.

ನಮ್ಮ ಬೇಡಿಕೆಗಳಿಗೆ ಇರುವ ಆಧಾರ

ನಗರದಲ್ಲಿ ವಾಣಿಜ್ಯ ಕಟ್ಟಡ ಕಟ್ಟುವವರು ನಕ್ಷೆಯಲ್ಲಿ ಪಾರ್ಕಿಂಗ್ ಜಾಗ ತೋರಿಸದೆ ಮಂಜೂರಾತಿ ಪಡೆಯುವಂತಿಲ್ಲ. ಬೆಂಗಳೂರಿನ ವಲಯ ನಿಯಮಗಳಲ್ಲಿ ಈ ಜಾಗವನ್ನು ಎಫ್‌ಎಆರ್ ಎಂದು ಕರೆಯುವ ನೆಲವಿಸ್ತಾರದ ಲೆಕ್ಕದಿಂದ ಹೊರಗಿಡಲಾಗಿದೆ. ಪಾರ್ಕಿಂಗ್‌ಗೆ ಬಿಟ್ಟ ಅಂತಸ್ತನ್ನು ಲೆಕ್ಕಕ್ಕೆ ಹಿಡಿಯದ ಕಾರಣ ಮಾಲೀಕರಿಗೆ ಅಷ್ಟು ಹೆಚ್ಚು ಅಂಗಡಿ, ಕಚೇರಿ ಕಟ್ಟಲು ಅವಕಾಶ ಸಿಗುತ್ತದೆ. ಈ ರಿಯಾಯಿತಿಯನ್ನು ಕೊಟ್ಟದ್ದು ಊರು. ಅದೇ ಊರಿನ ಜನರಿಂದ ಅದೇ ಜಾಗಕ್ಕೆ ಎರಡನೇ ಸಲ ಬೆಲೆ ಕೇಳುವಾಗ ಕನಿಷ್ಠ ಕಾರಣವನ್ನಾದರೂ ಹೇಳಬೇಕು.

ನ್ಯಾಯಾಲಯಗಳು ಈ ಪ್ರಶ್ನೆಯನ್ನು ಎದುರಿಸಿವೆ. ಮಾಲ್, ಮಲ್ಟಿಪ್ಲೆಕ್ಸ್‌ಗಳು ಪಾರ್ಕಿಂಗ್ ಒದಗಿಸಲು ಕಟ್ಟಡ ನಿಯಮಗಳಡಿ ಬಾಧ್ಯವಾಗಿರುವಾಗ ಅದಕ್ಕೆ ಶುಲ್ಕ ವಿಧಿಸುವ ಹಕ್ಕು ಅವಕ್ಕಿಲ್ಲ ಎಂದು 2019ರಲ್ಲಿ ಗುಜರಾತ್ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತು. ಕೇರಳ ಹೈಕೋರ್ಟು ಬೇರೆ ನಿಲುವು ತಾಳಿ, ಸ್ಥಳೀಯ ಸಂಸ್ಥೆಯ ಪರವಾನಗಿ ಇದ್ದರೆ ಮಾಲೀಕರು ಶುಲ್ಕ ಪಡೆಯಬಹುದು ಎಂದಿತು. ತೆಲಂಗಾಣ ಸರ್ಕಾರ 2018ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿ ಮಧ್ಯದ ದಾರಿ ತೋರಿಸಿತು. ಮೂರು ಕಡೆಯೂ ಉತ್ತರ ಬೇರೆ ಬೇರೆ. ಆದರೆ ಉತ್ತರವೊಂದು ಇದೆ. ಕರ್ನಾಟಕದ ಸವಾರರಿಗೂ ಅಂಥದೇ ಸ್ಪಷ್ಟ ಉತ್ತರ ಬೇಕು.

ಹಕ್ಕೊತ್ತಾಯಗಳು

1. ಹಣ ಕೇಳುವ ಅಧಿಕಾರವನ್ನು ಗೇಟಿನಲ್ಲೇ ತೋರಿಸಬೇಕು.
ಪಾರ್ಕಿಂಗ್ ಶುಲ್ಕ ಪಡೆಯುವ ಪ್ರತಿ ಸ್ಥಳಕ್ಕೂ ಸ್ಥಳೀಯ ಸಂಸ್ಥೆಯ ಪ್ರತ್ಯೇಕ ಪರವಾನಗಿ ಕಡ್ಡಾಯವಾಗಬೇಕು. ಪರವಾನಗಿಯ ಸಂಖ್ಯೆ, ಅವಧಿ, ನಡೆಸುವ ಸಂಸ್ಥೆಯ ಹೆಸರು ವಿಳಾಸ, ಮಂಜೂರಾದ ನಕ್ಷೆಯಲ್ಲಿರುವ ಕಾರು ಮತ್ತು ದ್ವಿಚಕ್ರ ವಾಹನಗಳ ಜಾಗದ ಸಂಖ್ಯೆ, ದೂರಿನ ದೂರವಾಣಿ ಇವಿಷ್ಟೂ ಫಲಕದಲ್ಲಿರಬೇಕು. ಪಾರ್ಕಿಂಗ್ ಎಂದು ನಕ್ಷೆಯಲ್ಲಿ ತೋರಿಸಿ ಗೋದಾಮು, ಹೋಟೆಲು, ಮಳಿಗೆಯಾಗಿ ಬಳಸುತ್ತಿರುವ ನೆಲಮಾಳಿಗೆಗಳನ್ನು ತಪಾಸಣೆ ಮಾಡಿ, ಜಾಗ ತೆರವಾಗುವವರೆಗೆ ಅಂಥ ಕಟ್ಟಡಕ್ಕೆ ಶುಲ್ಕದ ಪರವಾನಗಿ ಕೊಡಬಾರದು. ಮಂಜೂರಾದ ನಕ್ಷೆ ಮತ್ತು ಸ್ವಾಧೀನಾನುಭವ ಪತ್ರ ಎಲ್ಲರಿಗೂ ನೋಡಸಿಗಬೇಕು. ಕಣ್ಣೆದುರಿನ ಕಟ್ಟಡದ ಬಗ್ಗೆ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ 30 ದಿನ ಕಾಯುವ ಪಾಡು ಯಾರಿಗೂ ಬರಬಾರದು.

2. ಗ್ರಾಹಕರಿಗೆ ಉಚಿತ ಅವಧಿ ನಿಗದಿಯಾಗಬೇಕು.
ತೆಲಂಗಾಣದ 2018ರ ಆದೇಶದಂತೆ ಮೊದಲ 30 ನಿಮಿಷ ಎಲ್ಲರಿಗೂ ಉಚಿತ. ಒಂದು ಗಂಟೆಯವರೆಗೆ ಅದೇ ಕಟ್ಟಡದಲ್ಲಿ ಖರೀದಿಸಿದ ಯಾವುದೇ ಬಿಲ್ ತೋರಿಸಿದರೆ ಉಚಿತ. ಅದಕ್ಕೂ ಹೆಚ್ಚು ಹೊತ್ತಾದರೆ, ಪಾರ್ಕಿಂಗ್ ಶುಲ್ಕಕ್ಕಿಂತ ಹೆಚ್ಚಿನ ಮೊತ್ತದ ಬಿಲ್ ಅಥವಾ ಸಿನಿಮಾ ಟಿಕೆಟ್ ಇದ್ದವರಿಗೆ ಉಚಿತ. ವ್ಯಾಪಾರಕ್ಕೆ ಬಂದವರನ್ನೂ ವಾಹನ ಬಿಟ್ಟು ಬೇರೆಡೆ ಹೋಗುವವರನ್ನೂ ಈ ಸರಳ ಲೆಕ್ಕ ಬೇರೆಬೇರೆಯಾಗಿ ನೋಡುತ್ತದೆ. ಕರ್ನಾಟಕ ಸರ್ಕಾರ ಇದಕ್ಕಿಂತ ಕಡಿಮೆಯಲ್ಲದ ರಕ್ಷಣೆಯನ್ನು ಆದೇಶದ ಮೂಲಕ ಕೊಡಬೇಕು. ಅದರಾಚೆಯ ಶುಲ್ಕಕ್ಕೆ ಸ್ಥಳೀಯ ಸಂಸ್ಥೆ ಗರಿಷ್ಠ ಮಿತಿ ಗೊತ್ತುಮಾಡಬೇಕು. ಶನಿವಾರ, ಭಾನುವಾರ, ಹಬ್ಬದ ದಿನ ಎಂದು ದರ ಏರಿಸುವುದಾದರೂ ಆ ಮಿತಿಯನ್ನು ದಾಟಬಾರದು.

3. ದರಪಟ್ಟಿ ಒಳಬರುವ ಮುನ್ನ ಕಾಣಬೇಕು, ಕನ್ನಡದಲ್ಲಿ ಕಾಣಬೇಕು.
ಒಳಗೆ ಹೋಗಿ ಚೀಟಿ ಹಿಡಿದ ಮೇಲೆ, ಅದರ ಬೆನ್ನಿನಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ಷರತ್ತುಗಳನ್ನು ಓದಬೇಕಾದ ಪರಿಸ್ಥಿತಿ ಇಂದಿನದು. ಪಾರ್ಕಿಂಗ್ ಯಂತ್ರ ಚೀಟಿ ಉಗುಳುವ ಹೊತ್ತಿಗೆ ಒಪ್ಪಂದ ಮುಗಿದಿರುತ್ತದೆ, ಆಮೇಲೆ ತೋರಿಸಿದ ಷರತ್ತು ಸವಾರನನ್ನು ಕಟ್ಟಿಹಾಕದು ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಥಾರ್ನ್‌ಟನ್ ಪ್ರಕರಣದಲ್ಲಿ ಐದು ದಶಕಗಳ ಹಿಂದೆಯೇ ಹೇಳಿದೆ. ಅಲ್ಲಿನ ಸುಪ್ರೀಂ ಕೋರ್ಟು 2015ರ ಬೀವಿಸ್ ಪ್ರಕರಣದಲ್ಲಿ 85 ಪೌಂಡ್‌ಗಳ ಖಾಸಗಿ ದಂಡವನ್ನು ಎತ್ತಿಹಿಡಿದಾಗಲೂ, ಫಲಕಗಳು ದೊಡ್ಡದಾಗಿ, ಎದ್ದುಕಾಣುವಂತೆ ಇದ್ದದ್ದನ್ನು ಗಣನೆಗೆ ತೆಗೆದುಕೊಂಡಿತು. ಆದ್ದರಿಂದ ದರ, ಅವಧಿ, ದಂಡ, ರಿಯಾಯಿತಿ ನಾಲ್ಕೂ ಪ್ರವೇಶದ್ವಾರಕ್ಕೆ ಮೊದಲೇ, ವಾಹನ ಹಿಂದಿರುಗಿಸಲು ಜಾಗವಿರುವ ಕಡೆ, ರಾತ್ರಿಯೂ ಓದಬರುವಂತೆ ಇರಬೇಕು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರ ತಿದ್ದುಪಡಿ ಕಾಯ್ದೆ ಕಡ್ಡಾಯ ಮಾಡಿದೆ. ಜೇಬಿಗೆ ಕೈಹಾಕುವ ದರಪಟ್ಟಿಗೂ ಇದೇ ನಿಯಮ ಅನ್ವಯವಾಗಲಿ. ಫಲಕದಲ್ಲಿಲ್ಲದ ಶುಲ್ಕ ಕೇಳಿದರೆ ಅದು ಅಸಿಂಧು ಎಂದು ನಿಯಮದಲ್ಲೇ ಬರೆಯಿರಿ.

4. ಜಾಗ ಸಿಗದವರಿಂದ, ತಿರುಗಿ ಹೊರಟವರಿಂದ ಹಣ ಪಡೆಯಬಾರದು.
ಒಳಗೆ ಜಾಗವಿಲ್ಲವೆಂದು ಗೊತ್ತಿದ್ದೂ ಗೇಟು ತೆರೆದು, ಮೂರು ಅಂತಸ್ತು ಸುತ್ತಿಸಿ, ಹೊರಬರುವಾಗ ಕನಿಷ್ಠ ಶುಲ್ಕ ಕೀಳುವುದು ಸಲ್ಲದು. ಜಾಗ ಸಿಗದೆ ತಿರುಗಿ ಹೊರಟವರಿಗೆ, ಯಾರನ್ನೋ ಇಳಿಸಿ ಹೊರಟವರಿಗೆ ಶುಲ್ಕ ಇರಕೂಡದು. ಖಾಲಿ ಜಾಗದ ಸಂಖ್ಯೆ ಹೊರಗಿನ ಫಲಕದಲ್ಲಿ ಕಾಣಬೇಕು. ಒಳಗಿನ ಯಂತ್ರದಲ್ಲಿ ಹಣ ಕಟ್ಟಿದ ಮೇಲೆ ಗೇಟು ತಲುಪಲು ಇನ್ನೂ 15 ನಿಮಿಷ ಕೊಡಬೇಕು.

5. ಸಮಯದ ಲೆಕ್ಕ ಪ್ರಾಮಾಣಿಕವಾಗಿರಬೇಕು.
ಒಂದು ಗಂಟೆ ಮೂರು ನಿಮಿಷಕ್ಕೆ ಎರಡು ಗಂಟೆಯ ಹಣ ಪಡೆಯುವ ಪದ್ಧತಿ ನಿಲ್ಲಲಿ. ಮೊದಲ ಗಂಟೆಯ ನಂತರ 15 ನಿಮಿಷದ ತುಂಡುಗಳಲ್ಲಿ ಲೆಕ್ಕ ನಡೆಯಲಿ. ಹೊರಗೇಟಿನ ಸರದಿಯಲ್ಲಿ ಕಳೆದ ಹೊತ್ತು ನಡೆಸುವವರ ಕೊರತೆಯಿಂದ ಆದದ್ದು, ಅದನ್ನು ನಮ್ಮ ಲೆಕ್ಕಕ್ಕೆ ಸೇರಿಸಬಾರದು. ರೈಲು, ಬಸ್ ನಿಲ್ದಾಣಗಳ ಸ್ಟ್ಯಾಂಡುಗಳಲ್ಲಿ ರಾತ್ರಿ ಹತ್ತಕ್ಕೆ ಬಿಟ್ಟ ಬೈಕನ್ನು ಬೆಳಗ್ಗೆ ಆರಕ್ಕೆ ತೆಗೆದರೆ, ನಡುವೆ ತಾರೀಖು ಬದಲಾಯಿತೆಂದು ಎರಡು ದಿನದ ಹಣ ಕೇಳುತ್ತಾರೆ. ದಿನ ಎಂದರೆ ವಾಹನ ನಿಲ್ಲಿಸಿದ ಹೊತ್ತಿನಿಂದ 24 ಗಂಟೆ ಎಂದು ನಿಗದಿಪಡಿಸಿ. ಶುಲ್ಕ ಕೊಟ್ಟು ನಿಲ್ಲಿಸಿದ ಬೈಕಿನ ಹೆಲ್ಮೆಟ್‌ಗೆ ಬೇರೆ ಹಣ ಕೇಳುವುದನ್ನು ನಿಷೇಧಿಸಿ. ತಕ್ಕಡಿ, ತೂಕದ ಕಲ್ಲುಗಳಿಗೆ ಮುದ್ರೆ ಹಾಕುವ ಕಾನೂನು ಮಾಪನಶಾಸ್ತ್ರ ಇಲಾಖೆಯೇ ಪಾರ್ಕಿಂಗ್ ಗೇಟಿನ ಗಡಿಯಾರಗಳನ್ನೂ ವರ್ಷಕ್ಕೊಮ್ಮೆ ತಪಾಸಣೆ ಮಾಡಲಿ.

6. ರಸೀದಿಯಿಲ್ಲದೆ ಹಣವಿಲ್ಲ.
ಸೇವೆಗೆ ರಸೀದಿ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ. ಪ್ರತಿ ರಸೀದಿಯಲ್ಲೂ ವಾಹನ ಸಂಖ್ಯೆ, ಬಂದ ಹೊತ್ತು, ಹೋದ ಹೊತ್ತು, ದರ, ಪರವಾನಗಿ ಸಂಖ್ಯೆ ಮತ್ತು ಜಿಎಸ್‌ಟಿ ಸೇರಿಸಿದ್ದರೆ ನೋಂದಣಿ ಸಂಖ್ಯೆ ಇರಬೇಕು. ನೋಂದಣಿ ಇಲ್ಲದವರು ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವಂತಿಲ್ಲ. ಇನ್ನೂರು ರೂಪಾಯಿಗಿಂತ ಕಡಿಮೆ ಎಂಬ ನೆಪ ಹೇಳಿ, ಕೇಳಿದ ಗ್ರಾಹಕನಿಗೆ ನೋಂದಾಯಿತ ಸಂಸ್ಥೆ ಬಿಲ್ ನಿರಾಕರಿಸುವಂತೆಯೂ ಇಲ್ಲ. ಯುಪಿಐ ಹಣ ಸಂಸ್ಥೆಯ ಖಾತೆಗೇ ಹೋಗಬೇಕು. ಯಾರದೋ ಖಾಸಗಿ ಮೊಬೈಲ್ ಸಂಖ್ಯೆಯ ಕ್ಯೂಆರ್ ಸಂಕೇತವನ್ನು ಗೇಟಿಗೆ ಅಂಟಿಸುವುದನ್ನು ಅಪರಾಧವಾಗಿ ಪರಿಗಣಿಸಿ. ಚಿಲ್ಲರೆ ಇಲ್ಲವೆಂದು ಉಳಿದ ಹಣ ನುಂಗುವುದಕ್ಕೂ ಇದೇ ನಿಯಮ.

7. ಟೋಕನ್ ಕಳೆದುಹೋದರೆ ದಂಡದ ಹೆಸರಿನಲ್ಲಿ ದೋಚಬಾರದು.
ತುಂಡು ಕಾಗದ ಕಳೆದದ್ದಕ್ಕೆ ನೂರಾರು ರೂಪಾಯಿ ಕೇಳುವುದು ಎಲ್ಲೆಡೆ ರೂಢಿಯಾಗಿಬಿಟ್ಟಿದೆ. 1872ರ ಒಪ್ಪಂದ ಕಾಯ್ದೆಯ 74ನೇ ಕಲಂ ಪ್ರಕಾರ, ಷರತ್ತು ಮುರಿದವನಿಂದ ಪಡೆಯಬಹುದಾದದ್ದು ನ್ಯಾಯಸಮ್ಮತ ಪರಿಹಾರ ಮಾತ್ರ. ಒಪ್ಪಂದದಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ, ಅಷ್ಟೂ ತಾನಾಗಿ ಸಲ್ಲಬೇಕಾದ ಹಣವಲ್ಲ. 1963ರ ಫತೇಚಂದ್ ತೀರ್ಪಿನಿಂದ 2015ರ ಕೈಲಾಶ್ ನಾಥ್ ತೀರ್ಪಿನವರೆಗೆ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ನಷ್ಟವೇ ಆಗದ ಕಡೆ ಪರಿಹಾರದ ಮಾತಿಲ್ಲ. ಚೀಟಿ ಕಳೆದರೆ ಪಾರ್ಕಿಂಗ್ ನಡೆಸುವವರಿಗೆ ಆಗುವ ನಷ್ಟವೇನು? ವಾಹನ ಬಂದ ಹೊತ್ತು ಕ್ಯಾಮೆರಾದಲ್ಲಿದೆ. ಅಷ್ಟು ಹೊತ್ತಿನ ಶುಲ್ಕ ಪಡೆಯಲಿ. ವಾಹನ ಬೇರೆಯವರ ಪಾಲಾಗದಂತೆ ನೋಂದಣಿ ಪತ್ರ, ಚಾಲನಾ ಪರವಾನಗಿ ನೋಡಿ ಬಿಡಲಿ. ಆ ತಪಾಸಣೆ ನ್ಯಾಯ, ಅದಕ್ಕೆ ಸಹಕರಿಸುತ್ತೇವೆ. ಆದರೆ ಟೋಕನ್ ನಷ್ಟದ ದಂಡಕ್ಕೆ ರಾಜ್ಯಾದ್ಯಂತ 20 ರೂಪಾಯಿಯ ಮಿತಿ ಹಾಕಿ.

8. ತಕರಾರಿದ್ದರೂ ಗೇಟು ತೆರೆಯಬೇಕು.
ನಮ್ಮ ಎಲ್ಲ ಬೇಡಿಕೆಗಳ ಬೇರು ಇಲ್ಲಿದೆ. ದರ ಎಷ್ಟೇ ಸರಿಯಿರಲಿ, ಫಲಕ ಎಷ್ಟೇ ದೊಡ್ಡದಿರಲಿ, ಮನುಷ್ಯನನ್ನು ಅಡ್ಡಪಟ್ಟಿಯ ಹಿಂದೆ ನಿಲ್ಲಿಸಿ ಇತ್ಯರ್ಥ ಮಾಡಿದ ಲೆಕ್ಕದಲ್ಲಿ ನ್ಯಾಯ ಇರಲು ಸಾಧ್ಯವಿಲ್ಲ. ಹಣ ಕೇಳುವವರೇ ಅಲ್ಲಿ ತೀರ್ಪುಗಾರರು, ಅದನ್ನು ಜಾರಿ ಮಾಡುವವರೂ ಅವರೇ. ಸವಾರನಿಗೆ ಅಲ್ಲಿ ಉಳಿಯುವುದು ಹಣ ಎಣಿಸುವ ಕೆಲಸವೊಂದೇ.

ಆದ್ದರಿಂದ ನಾವು ಕೇಳುವ ವ್ಯವಸ್ಥೆ ಇದು. ಮೊತ್ತ ತಪ್ಪೆಂದು ಅನ್ನಿಸಿದ ಸವಾರ ‘ತಕರಾರು ಚೀಟಿ’ ಕೇಳಬಹುದು. ಫಲಕದಲ್ಲಿರುವ ಒಂದು ಗಂಟೆಯ ಶುಲ್ಕ ಕೊಟ್ಟು, ವಾಹನ ಸಂಖ್ಯೆ ಮತ್ತು ಸಹಿ ಹಾಕಿದರೆ ಗೇಟು ತೆರೆಯಲೇಬೇಕು. ಉಳಿದ ಮೊತ್ತ ಬಾಕಿ ಎಂದು ದಾಖಲಾಗಲಿ. ಸಂಸ್ಥೆ ಏಳು ದಿನದೊಳಗೆ ಬಂದ ಹೊತ್ತು, ಹೋದ ಹೊತ್ತಿನ ಚಿತ್ರ ಸಹಿತ ಲೆಕ್ಕ ಕಳಿಸಲಿ. ಲೆಕ್ಕ ಸರಿಯಿದ್ದರೆ ಸವಾರ ಕೊಡುತ್ತಾನೆ. ಕೊಡದಿದ್ದರೆ ಕಾನೂನಿನ ದಾರಿ ಅವರಿಗೂ ತೆರೆದಿದೆ. ಏಳು ದಿನದಲ್ಲಿ ಲೆಕ್ಕ ಬಾರದಿದ್ದರೆ ಬಾಕಿ ರದ್ದಾಗಬೇಕು. ಹಾರ್ನ್ ಹೊಡೆಯುವ ಸರದಿಗೆ ಅಂಜಿ ಪೂರ್ತಿ ಹಣ ಕೊಟ್ಟುಬಂದವರಿಗೂ 30 ದಿನದೊಳಗೆ ತಕರಾರು ಸಲ್ಲಿಸುವ ಹಕ್ಕಿರಬೇಕು. ಹಣ ಕೊಟ್ಟದ್ದನ್ನೇ ಒಪ್ಪಿಗೆಯ ಸಾಕ್ಷಿ ಎಂದು ಅವರ ವಿರುದ್ಧ ಬಳಸುವಂತಿಲ್ಲ ಎಂದು ನಿಯಮ ಹೇಳಲಿ.

9. ಚಕ್ರಕ್ಕೆ ಬೀಗ, ಸರಪಳಿ, ಗಾಳಿ ತೆಗೆಯುವುದು ನಿಲ್ಲಬೇಕು.
ತಪ್ಪಾದ ಕಡೆ ನಿಲ್ಲಿಸಿದ ಅಥವಾ ಕೈಬಿಟ್ಟ ವಾಹನವನ್ನು ತೆಗೆಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಕೊಟ್ಟಿದೆ. ಮಾಲಿನ ಕಾವಲುಗಾರನಿಗೆ, ಅಪಾರ್ಟ್‌ಮೆಂಟ್ ಸಂಘಕ್ಕೆ, ಗುತ್ತಿಗೆದಾರನಿಗೆ ಕೊಟ್ಟಿಲ್ಲ. ಹಣ ಕೊಡುವವರೆಗೆ ಬೀಗ ಬಿಚ್ಚುವುದಿಲ್ಲ ಎಂದು ಖಾಸಗಿಯವರು ಹೇಳುವುದನ್ನು ಸ್ಕಾಟ್ಲೆಂಡಿನ ಉನ್ನತ ನ್ಯಾಯಾಲಯ 1992ರಲ್ಲೇ ಸುಲಿಗೆ ಎಂದು ಕರೆಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಾಸಗಿ ಜಾಗದ ಇಂಥ ಬೀಗಗಳನ್ನು 2012ರ ಅಕ್ಟೋಬರ್ 1ರಿಂದ ಕಾನೂನೇ ನಿಷೇಧಿಸಿತು. ನಮ್ಮ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅಕ್ರಮ ತಡೆಗೆ 126ನೇ ಕಲಂ, ಸುಲಿಗೆಗೆ 308ನೇ ಕಲಂ ಇವೆ. ಇಂಥ ದೂರು ಬಂದಾಗ ‘ಇದು ಸಿವಿಲ್ ವ್ಯಾಜ್ಯ’ ಎಂದು ಸಾಗಹಾಕದೆ ದಾಖಲಿಸಿಕೊಳ್ಳುವಂತೆ ಎಲ್ಲ ಠಾಣೆಗಳಿಗೆ ಸುತ್ತೋಲೆ ಹೊರಡಿಸಿ. ದಾರಿಗೆ ಅಡ್ಡ ನಿಲ್ಲಿಸುವ ಸವಾರರನ್ನು ನಾವು ಸಮರ್ಥಿಸುವುದಿಲ್ಲ. ಅವರ ಮೇಲೆ ಪೊಲೀಸರು ಕ್ರಮ ಜರುಗಿಸಲಿ.

10. ಸ್ವತಂತ್ರ ದೂರು ಪರಿಹಾರ ಬೇಕು.
ಇಪ್ಪತ್ತು ರೂಪಾಯಿಯ ಅನ್ಯಾಯಕ್ಕೆ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ ಎಂಬ ಭರವಸೆಯ ಮೇಲೆಯೇ ಈ ವಸೂಲಿ ನಿಂತಿದೆ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಪಾರ್ಕಿಂಗ್ ದೂರು ಅಧಿಕಾರಿಯನ್ನು ನೇಮಿಸಿ. ಸಂಸ್ಥೆಯ ಉತ್ತರ ಒಪ್ಪದವರು ಫೋನಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಅಥವಾ ಅಂಚೆಯಲ್ಲಿ ಕನ್ನಡದಲ್ಲೇ ಮನವಿ ಕಳಿಸುವಂತಿರಲಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಖುದ್ದು ಹಾಜರಾಗಬೇಕಿಲ್ಲ. 21 ದಿನದೊಳಗೆ ಕಾರಣ ಸಹಿತ ಲಿಖಿತ ತೀರ್ಮಾನ ಬರಲಿ. ಈ ಸೇವೆಯನ್ನು 2011ರ ಸಕಾಲ ಕಾಯ್ದೆಯಡಿ ತಂದರೆ ಕಾಲಮಿತಿಗೆ ಕಾನೂನಿನ ಬಲ ಬರುತ್ತದೆ. ಸಾಬೀತುಪಡಿಸುವ ಹೊಣೆ ಹಣ ಪಡೆದವರ ಮೇಲಿರಬೇಕು. ಕ್ಯಾಮೆರಾ, ಗಡಿಯಾರ, ಲೆಕ್ಕದ ಪುಸ್ತಕ ಎಲ್ಲವೂ ಅವರ ಕೈಯಲ್ಲಿವೆ. ದೂರು ನಿಜವಾದರೆ ಹೆಚ್ಚು ಪಡೆದ ಹಣದ ಹತ್ತು ಪಟ್ಟು, ಕನಿಷ್ಠ 500 ರೂಪಾಯಿ ಸವಾರನಿಗೆ ಸಲ್ಲಲಿ.

11. ಹಣ ಪಡೆದವರೇ ಹೊಣೆ ಹೊರಬೇಕು.
‘ಮಾಲೀಕರ ಸ್ವಂತ ಹೊಣೆಯಲ್ಲಿ ನಿಲ್ಲಿಸಿ’ ಎಂಬ ಫಲಕ ಪ್ರತಿ ಪಾರ್ಕಿಂಗ್‌ನಲ್ಲೂ ಇದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಅತಿಥಿಯೊಬ್ಬರು ಸಿಬ್ಬಂದಿಯ ಕೈಗೆ ಕೀಲಿ ಕೊಟ್ಟು ನಿಲ್ಲಿಸಿದ ಮಾರುತಿ ಝೆನ್ ಕಳುವಾಯಿತು. ಚೀಟಿಯಲ್ಲಿ ಇಂಥದೇ ಷರತ್ತಿತ್ತು. 2019ರ ನವೆಂಬರ್ 14ರಂದು ಸುಪ್ರೀಂ ಕೋರ್ಟು, ಕೀಲಿ ಪಡೆದ ಮೇಲೆ ವಾಹನವನ್ನು ಜೋಪಾನವಾಗಿ ಹಿಂದಿರುಗಿಸುವ ಕರ್ತವ್ಯ ಹೋಟೆಲಿನದು, ತನ್ನ ನಿರ್ಲಕ್ಷ್ಯದ ಹೊಣೆಯಿಂದ ಚೀಟಿಯ ಒಂದು ಸಾಲು ಅದನ್ನು ಪಾರು ಮಾಡದು ಎಂದು ತೀರ್ಪಿತ್ತಿತು. ಆ ಪೀಠದಲ್ಲಿ ಕುಳಿತು ತೀರ್ಪು ಬರೆದವರು ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಕೀಲಿ ಕೊಟ್ಟ ಕಡೆ ಈ ತತ್ವ ಈಗಲೇ ಅನ್ವಯಿಸುತ್ತದೆ. ಕೀಲಿ ನಮ್ಮ ಬಳಿಯೇ ಇದ್ದು ಗೇಟು, ಟೋಕನ್, ಕಾವಲು ಅವರದಾಗಿರುವ ಕಡೆಯೂ ಇದೇ ಹೊಣೆಯನ್ನು ಪರವಾನಗಿಯ ಷರತ್ತಾಗಿ ಸೇರಿಸಿ. ಪಾರ್ಕಿಂಗ್ ನಡೆಸುವವರು ಕಳವು, ಹಾನಿಗೆ ವಿಮೆ ಮಾಡಿಸಿರಬೇಕು. ಹಾನಿಯಾದಾಗ ಕ್ಯಾಮೆರಾ ದೃಶ್ಯವನ್ನು 48 ಗಂಟೆಯೊಳಗೆ ವಾಹನದ ಮಾಲೀಕರಿಗೂ ಪೊಲೀಸರಿಗೂ ಕೊಡಬೇಕು. ಹೊಣೆ ಬೇಡ ಎನ್ನುವವರು ಶುಲ್ಕವನ್ನೂ ಬಿಡಲಿ.

12. ಆಸ್ಪತ್ರೆಯ ಗೇಟಿನಲ್ಲಿ ಬೇರೆ ನಿಯಮ ಬೇಕು.
ಸಿನಿಮಾಕ್ಕೆ ಹೋಗುವುದು ನಮ್ಮ ಇಷ್ಟ, ಡಯಾಲಿಸಿಸ್‌ಗೆ ಹೋಗುವುದು ಇಷ್ಟದ ಮಾತಲ್ಲ. ವಾರಕ್ಕೆ ಎರಡು ಮೂರು ಸಲ ನಾಲ್ಕು ನಾಲ್ಕು ಗಂಟೆ ಯಂತ್ರಕ್ಕೆ ಮೈಯೊಡ್ಡುವವರು, ಕಿಮೊ ಪಡೆಯುವವರು, ಹೆರಿಗೆಗೆ ಬಂದವರು, ಐಸಿಯು ಮುಂದೆ ರಾತ್ರಿ ಕಳೆಯುವವರು ಗಂಟೆಗಿಷ್ಟು ಎಂಬ ದರ ತೆರುತ್ತಿದ್ದಾರೆ. ತುರ್ತು ಚಿಕಿತ್ಸೆಗೆ ಬಂದ ವಾಹನಕ್ಕೆ ಮೊದಲ 24 ಗಂಟೆ ಉಚಿತವಿರಲಿ. ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆಯ ರೋಗಿಗಳಿಗೆ ಚಿಕಿತ್ಸೆಯ ಚೀಟಿ ತೋರಿಸಿದರೆ ಸಂಪೂರ್ಣ ವಿನಾಯಿತಿ ಸಿಗಲಿ. ಒಳರೋಗಿಯ ಒಬ್ಬ ಜೊತೆಗಾರರ ವಾಹನಕ್ಕೆ ದಿನದ ಪಾಸು ಕೊಡಲಿ. ವೈದ್ಯರ ಕೊಠಡಿಯ ಮುಂದೆ ಕಾದ ಹೊತ್ತನ್ನು ಶುಲ್ಕವಾಗಿ ಮಾರ್ಪಡಿಸುವ ಪದ್ಧತಿಗೆ ಕೊನೆ ಹಾಡಿ. ಆಸ್ಪತ್ರೆಗಳ ಪರವಾನಗಿ ನವೀಕರಣಕ್ಕೆ ಇವನ್ನು ಷರತ್ತಾಗಿ ಸೇರಿಸಿ.

13. ವಿಕಲಚೇತನರ ಜಾಗ ಅವರಿಗೇ ಇರಲಿ.
2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಸ್, ರೈಲು, ವಿಮಾನ ನಿಲ್ದಾಣಗಳ ಪಾರ್ಕಿಂಗ್ ಜಾಗ ಸುಗಮ್ಯತೆಯ ಮಾನದಂಡಕ್ಕೆ ತಕ್ಕಂತಿರಬೇಕು ಎನ್ನುತ್ತದೆ. ಲಿಫ್ಟಿನ ಸಮೀಪ, ಗಾಲಿಕುರ್ಚಿ ಇಳಿಸುವಷ್ಟು ಅಗಲದ ಜಾಗವನ್ನು ಎಲ್ಲ ಖಾಸಗಿ ಪಾರ್ಕಿಂಗ್‌ನಲ್ಲೂ ಗುರುತಿಸಿ, ಶುಲ್ಕದಿಂದ ಬಿಡಿ. ಬೇರೆಯವರು ಅಲ್ಲಿ ನಿಲ್ಲಿಸಿದರೆ ತಡೆಯುವ ಹೊಣೆ ನಡೆಸುವವರದು.

14. ಸಾರ್ವಜನಿಕ ನೆಲದ ಗುತ್ತಿಗೆಗಳು ಬಯಲಿಗೆ ಬರಲಿ.
ಜಾತ್ರೆ, ರಥೋತ್ಸವ ಬಂತೆಂದರೆ ದೇವಸ್ಥಾನದ ರಸ್ತೆಗೆ ಹಗ್ಗ ಕಟ್ಟಿ, ಕೈಯಲ್ಲಿ ಚೀಟಿ ಪುಸ್ತಕ ಹಿಡಿದು ನಿಲ್ಲುವವರಿದ್ದಾರೆ. ಬೆಟ್ಟದ ತಪ್ಪಲಲ್ಲಿ, ಜಲಪಾತದ ದಾರಿಯಲ್ಲಿ, ಸಂತೆ ಬೀದಿಯಲ್ಲಿ ಇದೇ ನೋಟ. ವಾಹನ ನಿಲ್ದಾಣಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 117ನೇ ಕಲಂ ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ ಒಪ್ಪಿಸಿದೆ. ಹರಾಜಾದ ಪ್ರತಿ ಜಾಗದ ಗಡಿ, ದರ, ಗುತ್ತಿಗೆದಾರ, ಮುಗಿಯುವ ದಿನ ಗ್ರಾಮ ಪಂಚಾಯಿತಿ, ಪುರಸಭೆ, ಮುಜರಾಯಿ ದೇವಸ್ಥಾನದ ಕಚೇರಿಯಲ್ಲೂ ಸ್ಥಳದಲ್ಲೂ ಬರೆದಿರಲಿ. ಗುತ್ತಿಗೆ ಮುಗಿದ ಮೇಲೂ ವಸೂಲಿ ಮುಂದುವರಿದರೆ ಅದು ಕ್ರಿಮಿನಲ್ ಪ್ರಕರಣವಾಗಲಿ. ಹೆಚ್ಚು ಬಿಡ್ ಕೂಗಿದವನಿಗೆ ಕಣ್ಣುಮುಚ್ಚಿ ಕೊಡುವ ಪದ್ಧತಿಯೇ ದರ ಏರಲು ಕಾರಣ. ಸವಾರನ ದರವನ್ನು ಮೊದಲೇ ನಿಗದಿ ಮಾಡಿ, ಆಮೇಲೆ ಹರಾಜು ಕರೆಯಿರಿ.

15. ಫಾಸ್ಟ್ಯಾಗ್ ಮತ್ತು ಕ್ಯಾಮೆರಾಗಳಿಗೆ ಲಗಾಮು ಬೇಕು.
ಫಾಸ್ಟ್ಯಾಗ್‌ನಿಂದ ಶುಲ್ಕ ಕಡಿತವಾಗುವ ಕಡೆ, ಗೇಟು ದಾಟುವ ಮುನ್ನ ಪರದೆಯ ಮೇಲೆ ಮೊತ್ತ ಕಾಣಬೇಕು. ನಗದು ಕೊಟ್ಟ ಮೇಲೂ ಕಡಿತವಾದರೆ, ಎರಡು ಸಲ ಕಡಿತವಾದರೆ, ಮೂರು ಕೆಲಸದ ದಿನಗಳಲ್ಲಿ ಹಣ ಮರಳಬೇಕು. ವಾಹನದ ಸಂಖ್ಯೆ, ಮೊಬೈಲ್ ಸಂಖ್ಯೆ, ಬಂದುಹೋದ ವಿವರಗಳನ್ನು ತಕರಾರಿನ ಅವಧಿ ಮುಗಿದ ಮೇಲೆ ಅಳಿಸಬೇಕು. ಜಾಹೀರಾತಿಗೆ ಮಾರಬಾರದು. ಮೊಬೈಲ್ ಸಂಖ್ಯೆ ಕೊಡದವರಿಗೆ ಪ್ರವೇಶ ನಿರಾಕರಿಸಬಾರದು.

16. ಗೇಟಿನ ಕೆಲಸಗಾರರಿಗೆ ನ್ಯಾಯ ಸಿಗಬೇಕು.
ದಿನಕ್ಕಿಷ್ಟು ವಸೂಲಿ ಎಂಬ ಗುರಿ, ದಂಡದಲ್ಲಿ ಕಮಿಷನ್, ಲೆಕ್ಕ ತಪ್ಪಿದರೆ ಸಂಬಳದಲ್ಲಿ ಕಡಿತ ಇವು ಮೂರೂ ಸೇರಿ ಜಗಳ ಹುಟ್ಟಿಸುತ್ತವೆ. ಕನಿಷ್ಠ ವೇತನ, ಪಿಎಫ್, ಇಎಸ್‌ಐ, ನೆರಳು, ಶೌಚಾಲಯ, ಗುರುತಿನ ಚೀಟಿ ಕೊಡದ ಗುತ್ತಿಗೆದಾರನ ಪರವಾನಗಿ ರದ್ದಾಗಲಿ. ತಕರಾರು ಚೀಟಿ ಕೊಟ್ಟ ಕಾರಣಕ್ಕೆ ಕೆಲಸಗಾರನ ಮೇಲೆ ಕ್ರಮ ಜರುಗಿಸುವಂತಿಲ್ಲ ಎಂಬುದನ್ನೂ ನಿಯಮದಲ್ಲಿ ಸೇರಿಸಿ.

ನಿಯಮ ಬರುವವರೆಗೆ ನಾವು ಮಾಡುವುದು

ಸರ್ಕಾರ ಆದೇಶ ಹೊರಡಿಸುವವರೆಗೆ ಕೈಕಟ್ಟಿ ಕೂರುವುದಿಲ್ಲ. ಈ ಪತ್ರಕ್ಕೆ ಸಹಿ ಹಾಕುವ ಪ್ರತಿಯೊಬ್ಬರೂ ಈ ಕ್ರಮ ಅನುಸರಿಸುತ್ತೇವೆ, ಉಳಿದ ಸವಾರರಿಗೂ ಕಲಿಸುತ್ತೇವೆ.

ಒಳಹೋಗುವಾಗ ದರಪಟ್ಟಿಯ ಚಿತ್ರ ತೆಗೆಯುತ್ತೇವೆ, ಫಲಕ ಇಲ್ಲದಿದ್ದರೆ ಇಲ್ಲದ ಗೋಡೆಯ ಚಿತ್ರ ತೆಗೆಯುತ್ತೇವೆ. ಅನ್ಯಾಯದ ಮೊತ್ತ ಕೊಡಲೇಬೇಕಾಗಿ ಬಂದರೆ ರಸೀದಿಯ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬರೆದು ಚಿತ್ರ ಉಳಿಸಿಕೊಳ್ಳುತ್ತೇವೆ. ಆದಷ್ಟು ಯುಪಿಐನಲ್ಲಿ ಕೊಟ್ಟು ದಾಖಲೆ ಇಟ್ಟುಕೊಳ್ಳುತ್ತೇವೆ. ಮೊದಲು ಪಾರ್ಕಿಂಗ್ ನಡೆಸುವ ಸಂಸ್ಥೆಗೂ ಕಟ್ಟಡದ ಮಾಲೀಕರಿಗೂ ಬರಹದಲ್ಲಿ ಲೆಕ್ಕ ಕೇಳುತ್ತೇವೆ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ. ರೈಲು ನಿಲ್ದಾಣದ ವಿಷಯವಾದರೆ 139ಕ್ಕೆ ಕರೆ ಮಾಡುತ್ತೇವೆ. ಫಾಸ್ಟ್ಯಾಗ್ ಕಡಿತವಾದರೆ ಟ್ಯಾಗ್ ಕೊಟ್ಟ ಬ್ಯಾಂಕಿಗೆ, ಅದು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಬರೆಯುತ್ತೇವೆ.

ಅಷ್ಟಕ್ಕೂ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ನಾವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಸೇವೆಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿನ ಶುಲ್ಕವಿಲ್ಲ. ವಕೀಲರಿಲ್ಲದೆ ತಾವೇ ವಾದಿಸಬಹುದು. ಘಟನೆಯಾದ ಎರಡು ವರ್ಷದೊಳಗೆ ಸಲ್ಲಿಸಬೇಕು. ಒಂದೇ ಪಾರ್ಕಿಂಗ್‌ನಲ್ಲಿ ಹಣ ಕಳೆದುಕೊಂಡವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಹಾಕಲೂ ಕಾಯ್ದೆಯ 35ನೇ ಕಲಂ ಅವಕಾಶ ಕೊಡುತ್ತದೆ. ಇಪ್ಪತ್ತು ರೂಪಾಯಿಯ ದೂರು ಒಬ್ಬರದಾದಾಗ ಚಿಕ್ಕದು, ನೂರು ಜನರದಾದಾಗ ಯಾವ ಸಂಸ್ಥೆಯೂ ಅದನ್ನು ಕಡೆಗಣಿಸಲಾರದು.

ಈ ಪ್ರಯತ್ನದಲ್ಲಿ ನಮ್ಮ ಕರ್ತವ್ಯವನ್ನೂ ಮರೆಯುವುದಿಲ್ಲ. ಗೆರೆಯೊಳಗೆ ನಿಲ್ಲಿಸುತ್ತೇವೆ, ಆಂಬುಲೆನ್ಸ್ ದಾರಿ ಬಿಡುತ್ತೇವೆ, ಸಲ್ಲಬೇಕಾದ ಶುಲ್ಕ ಸಲ್ಲಿಸುತ್ತೇವೆ, ಗೇಟಿನಲ್ಲಿ ದುಡಿಯುವವರ ಮೇಲೆ ದನಿ ಏರಿಸುವುದಿಲ್ಲ.

ಕಾಲಮಿತಿ

ಈ ಪತ್ರ ತಲುಪಿದ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. 60 ದಿನದೊಳಗೆ ರಾಜ್ಯದ ಎಲ್ಲ ಶುಲ್ಕಸಹಿತ ಪಾರ್ಕಿಂಗ್ ಸ್ಥಳಗಳ ಪರವಾನಗಿ ಪಟ್ಟಿ ಪ್ರಕಟವಾಗಬೇಕು. ಪಟ್ಟಿಯಲ್ಲಿಲ್ಲದ ಕಡೆ ವಸೂಲಿ ಅಂದೇ ನಿಲ್ಲಬೇಕು. 90 ದಿನದೊಳಗೆ ಕರಡು ನಿಯಮ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಆಹ್ವಾನಿಸಬೇಕು. ಕರಡಿನಲ್ಲಿ ಉಳಿದ ಯಾವ ಅಂಶ ಚರ್ಚೆಗೆ ಬಂದರೂ ಕೂತು ಮಾತಾಡಲು ನಾವು ಸಿದ್ಧ. ಎಂಟನೇ ಹಕ್ಕೊತ್ತಾಯದಲ್ಲಿ ಮಾತ್ರ ರಾಜಿಯಿಲ್ಲ: ತಕರಾರು ಹೇಳಿದ ನಾಗರಿಕನಿಗೆ ಮೊದಲು ಗೇಟು ತೆರೆಯಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ರಾಜ್ಯದ ವಾಹನ ಸವಾರರು